ಪೆಂಗೊ ಸತ್ತು ಫೋರಿಂಟ್ ಹುಟ್ಟಿದ್ದು: ಹಂಗೇರಿಯ ಹಣದ ಕಥೆ

ಹಣದುಬ್ಬರ ಅಂದ ಕೂಡಲೇ ಎಲ್ಲರೂ 1923ರ ಜರ್ಮನಿಯ ಉದಾಹರಣೆ ಕೊಡುತ್ತಾರೆ. ಆದರೆ 1946ರಲ್ಲಿ ಹಂಗೇರಿಯಲ್ಲಿ ಆಗಿದ್ದು ಅದಕ್ಕಿಂತ ಎಷ್ಟೋ ಭೀಕರ. ಅರ್ಥಶಾಸ್ತ್ರ ಓದುವವರು ಇದನ್ನು ಬಿಡಲೇಬಾರದು. ಒಂದು ದೇಶದ ಹಣ ಹೇಗೆ ನೆಲಕಚ್ಚುತ್ತದೆ, ಆಮೇಲೆ ಅದನ್ನು ಹೇಗೆ ಎತ್ತಿ ನಿಲ್ಲಿಸುತ್ತಾರೆ, ಎರಡೂ ಇಲ್ಲಿ ಒಂದೇ ವರ್ಷದೊಳಗೆ ಕಾಣುತ್ತವೆ.

ಹಿನ್ನೆಲೆ ಚಿಕ್ಕದು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಕಾಲದಲ್ಲಿ ಇದ್ದದ್ದು ಕೊರೊನಾ ಎಂಬ ಹಣ. ಮೊದಲ ಮಹಾಯುದ್ಧದ ನಂತರ ಅದರ ಬೆಲೆ ಕುಸಿಯಿತು. 1927ರ ಜನವರಿ 1ರಿಂದ ಪೆಂಗೊ ಎಂಬ ಹೊಸ ಹಣ ಬಂತು. 12,500 ಕೊರೊನಾ ಕೊಟ್ಟರೆ 1 ಪೆಂಗೊ. ಅದನ್ನು ಚಿನ್ನಕ್ಕೆ ಕಟ್ಟಿದ್ದರು, ಕೆಲವು ವರ್ಷ ಗಟ್ಟಿಯಾಗಿಯೇ ಇತ್ತು.

ಎರಡನೇ ಮಹಾಯುದ್ಧ ಎಲ್ಲವನ್ನೂ ಮುರಿಯಿತು. ಬುಡಾಪೆಸ್ಟ್ ಮುತ್ತಿಗೆಯಲ್ಲಿ ನಗರ ಹಾಳಾಯಿತು, ಡ್ಯಾನ್ಯೂಬ್ ನದಿಯ ಮೇಲಿನ ಸೇತುವೆಗಳು ಉರುಳಿದವು. ರಾಷ್ಟ್ರೀಯ ಬ್ಯಾಂಕಿನ ಚಿನ್ನ ಆಸ್ಟ್ರಿಯಾಕ್ಕೆ ಹೋಗಿ, ಅಲ್ಲಿಂದ ಅಮೆರಿಕನ್ನರ ಕೈ ಸೇರಿತ್ತು. ಮೇಲಿಂದ 30 ಕೋಟಿ ಡಾಲರ್ ಯುದ್ಧ ಪರಿಹಾರ ಬೇರೆ. ಅದರಲ್ಲಿ 20 ಕೋಟಿ ಸೋವಿಯತ್ ಒಕ್ಕೂಟಕ್ಕೆ, ಉಳಿದದ್ದು ಚೆಕೊಸ್ಲೊವಾಕಿಯಾ ಮತ್ತು ಯುಗೊಸ್ಲಾವಿಯಾಕ್ಕೆ. ತೆರಿಗೆ ಬರುತ್ತಿಲ್ಲ, ಖರ್ಚು ನಿಲ್ಲುತ್ತಿಲ್ಲ. ಸರ್ಕಾರ ನೋಟು ಮುದ್ರಿಸಿತು.

1945ರ ಡಿಸೆಂಬರ್‌ನಲ್ಲಿ ಒಂದು ಉಪಾಯ ಮಾಡಿದರು. ದೊಡ್ಡ ನೋಟು ಪೂರ್ತಿ ಬೆಲೆಗೆ ನಡೆಯಬೇಕಾದರೆ ಅದರ ಮೇಲೆ ಅಂಟುಚೀಟಿ ಇರಬೇಕು, ಚೀಟಿಯನ್ನು ನೋಟಿನ ಮೂರು ಪಟ್ಟು ದುಡ್ಡು ಕೊಟ್ಟು ಕೊಳ್ಳಬೇಕು. ಅಂದರೆ ಕೈಯಲ್ಲಿದ್ದ ಹಣದ ಬೆಲೆ ನಾಲ್ಕನೇ ಒಂದಕ್ಕೆ ಇಳಿಯಿತು. ಬೆಲೆಗಳು ಸ್ವಲ್ಪ ದಿನ ತಡೆದು ಮತ್ತೆ ಏರಿದವು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಜನರು ಇಂದಿನ ತೆರಿಗೆಯನ್ನು ಮುಂದಿನ ವಾರ ಕಟ್ಟಿದರೆ, ಅಷ್ಟರಲ್ಲಿ ಆ ದುಡ್ಡಿಗೆ ಬೆಲೆಯೇ ಇರುವುದಿಲ್ಲ, ಅಲ್ವಾ? ಅದಕ್ಕೇ 1946ರ ಜನವರಿಯಲ್ಲಿ 'ತೆರಿಗೆ ಪೆಂಗೊ' ಎಂಬ ಲೆಕ್ಕದ ಹಣ ತಂದರು. ಬೆಲೆ ಏರಿದಷ್ಟೂ ಅದರ ದರ ಏರುತ್ತಿತ್ತು. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಬ್ಯಾಂಕ್ ಠೇವಣಿಗಳಿಗೂ ಅದೇ ಲೆಕ್ಕ ಬಂತು. ಆಗ ಮಾಮೂಲಿ ಪೆಂಗೊವನ್ನು ಕೈಯಲ್ಲಿಟ್ಟುಕೊಳ್ಳುವವರು ಯಾರು? ಸಿಕ್ಕ ಕೂಡಲೇ ಖರ್ಚು ಮಾಡಿದರು. ಬೆಲೆ ಇನ್ನೂ ವೇಗವಾಗಿ ಓಡಿತು. ಕೊನೆಗೆ ತೆರಿಗೆ ಪೆಂಗೊ ಕೂಡ ನೋಟಾಗಿ ಚಲಾವಣೆಗೆ ಬಂದು, ಅದೂ ಕುಸಿಯಿತು. ಕಾಪಾಡಲು ತಂದದ್ದೇ ಬೆಂಕಿಗೆ ತುಪ್ಪವಾಯಿತು. ನನ್ನ ಪ್ರಕಾರ ಈ ಕಥೆಯಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಇದೇ. ಸುಮ್ನೆ 'ಜಾಸ್ತಿ ನೋಟು ಮುದ್ರಿಸಿದರು' ಎಂದು ಬರೆದರೆ ಉತ್ತರ ಅರ್ಧವಷ್ಟೇ ಆಗುತ್ತದೆ.

ಸೊನ್ನೆಗಳಿಗೆ ನೋಟಿನಲ್ಲಿ ಜಾಗ ಸಾಲದೆ ಹೊಸ ಹೆಸರುಗಳು ಬಂದವು. ಮಿಲ್‌ಪೆಂಗೊ ಅಂದರೆ 10 ಲಕ್ಷ ಪೆಂಗೊ. ಬಿ.-ಪೆಂಗೊ ಅಂದರೆ ಒಂದು ಲಕ್ಷ ಕೋಟಿ ಪೆಂಗೊ. ಹಳೆಯ ನೋಟುಗಳ ಚಿತ್ರವನ್ನೇ ಬಣ್ಣ ಬದಲಿಸಿ ಮತ್ತೆ ಬಳಸಿದರು. ಚಲಾವಣೆಗೆ ಬಂದ ಅತಿ ದೊಡ್ಡ ನೋಟು 10 ಕೋಟಿ ಬಿ.-ಪೆಂಗೊ, ಅಂದರೆ 1ರ ಮುಂದೆ 20 ಸೊನ್ನೆ. ಜುಲೈನಲ್ಲಿ ಬೆಲೆಗಳು ಸುಮಾರು 15 ಗಂಟೆಗೊಮ್ಮೆ ದುಪ್ಪಟ್ಟಾಗುತ್ತಿದ್ದವು. ನಗರದ ಜನ ಒಡವೆ, ಬಟ್ಟೆ ಹೊತ್ತು ಹಳ್ಳಿಗೆ ಹೋಗಿ ಹಿಟ್ಟು, ಕೊಬ್ಬು ತಂದರು. ಈ ಸಂಖ್ಯೆಗಳ ಹಿಂದೆ ಹಸಿದ ಮನೆಗಳಿದ್ದವು ಅನ್ನುವುದನ್ನು ಓದುವಾಗ ಮರೆಯಬಾರದು.

1946ರ ಆಗಸ್ಟ್ 1ರಂದು ಫೋರಿಂಟ್ ಎಂಬ ಹೊಸ ಹಣ ಬಂತು. 1 ಫೋರಿಂಟ್‌ಗೆ 20 ಕೋಟಿ ತೆರಿಗೆ ಪೆಂಗೊ. ಮಾಮೂಲಿ ಪೆಂಗೊದಲ್ಲಿ ಹೇಳುವುದಾದರೆ 4ರ ಮುಂದೆ 29 ಸೊನ್ನೆ. ಫೋರಿಂಟ್ ಗಟ್ಟಿಯಾಗಿ ನಿಂತದ್ದು ಬರೀ ಹೆಸರು ಬದಲಾದ ಮಾತ್ರಕ್ಕಲ್ಲ. ಅಂಗಡಿಗಳಲ್ಲಿ ಮಾರಲು ಸರಕು ಇರುವಂತೆ ಮೊದಲೇ ಕೂಡಿಟ್ಟಿದ್ದರು. ತೆರಿಗೆ ಬಿಗಿ ಮಾಡಿದರು, ಬ್ಯಾಂಕ್ ಸಾಲಕ್ಕೆ ಕಡಿವಾಣ ಹಾಕಿದರು. ಅಮೆರಿಕನ್ನರ ಬಳಿ ಇದ್ದ ಸುಮಾರು 30 ಟನ್ ಚಿನ್ನ ಅದೇ ಆಗಸ್ಟ್‌ನಲ್ಲಿ ರೈಲಿನಲ್ಲಿ ವಾಪಸ್ ಬಂತು. ಹಂಗೇರಿಯ ಸ್ವಾತಂತ್ರ್ಯ ಹೋರಾಟದ ನಾಯಕ ಲಾಯೋಷ್ ಕೊಶುತ್ ಮುಖವಿದ್ದ 5 ಫೋರಿಂಟ್‌ನ ಬೆಳ್ಳಿ ನಾಣ್ಯವನ್ನೂ ಹೊರತಂದರು. ಇದರ ಭಾರ ದುಡಿಯುವವರ ಮೇಲೆ ಬಿತ್ತು, ಸಂಬಳವನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕಿಂತ ತುಂಬಾ ಕೆಳಗೆ ನಿಗದಿ ಮಾಡಿದ್ದರು.

ಆಮೇಲಿನದು ಬೇಗ ಮುಗಿಯುತ್ತದೆ. ಫೋರಿಂಟ್‌ನ ಚಿಲ್ಲರೆಯಾದ ಫಿಲ್ಲೇರ್ 1999ರಲ್ಲಿ ನಿಂತಿತು, 1 ಮತ್ತು 2 ಫೋರಿಂಟ್ ನಾಣ್ಯಗಳು 2008ರಲ್ಲಿ ಹೋದವು. ಹಂಗೇರಿ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದರೂ ಯೂರೋ ತೆಗೆದುಕೊಂಡಿಲ್ಲ.