ಆಪರೇಷನ್ನಿಗೆ ಮುಂಚೆ ನೀರು ಕುಡಿಯಬಹುದಾ?

"ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ." ಆಪರೇಷನ್ ಮಾಡಿಸಿಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಬೆಳಗ್ಗೆ ಎಂಟಕ್ಕೆ ಅಂದಿದ್ದ ಆಪರೇಷನ್ ಹತ್ತಾಗುತ್ತದೆ, ಹನ್ನೆರಡಾಗುತ್ತದೆ, ಕೆಲವು ಸಲ ಮಧ್ಯಾಹ್ನ ಎರಡೂ ಆಗುತ್ತದೆ. ಅಷ್ಟು ಹೊತ್ತಿಗೆ ವಯಸ್ಸಾದವರ ಬಾಯಿ ಒಣಗಿ, ತಲೆ ಸಿಡಿಯುತ್ತಿರುತ್ತದೆ. ಚಿಕ್ಕ ಮಕ್ಕಳು ಅತ್ತು ಅತ್ತು ಸುಸ್ತಾಗಿರುತ್ತಾರೆ. ಹದಿನಾಲ್ಕು ಗಂಟೆ ಒಂದು ಗುಟುಕು ನೀರಿಲ್ಲ. ಹೆಚ್ಚಿನ ರೋಗಿಗಳಿಗೆ ಈ ಬಾಯಾರಿಕೆ ಬೇಕಾಗಿಯೇ ಇಲ್ಲ ಅನ್ನುವುದು ಅರಿವಳಿಕೆ (ಅನಸ್ತೇಶಿಯಾ) ತಜ್ಞರಿಗೆ ಗೊತ್ತಾಗಿ ದಶಕಗಳೇ ಕಳೆದಿವೆ.

ಹೊಟ್ಟೆ ಖಾಲಿ ಇರಬೇಕು ಅನ್ನುವುದೇನೋ ನಿಜ. ನಾವು ಎಚ್ಚರವಿದ್ದಾಗ ಗಂಟಲಿಗೆ ಏನಾದರೂ ಅಡ್ಡ ಬಂದರೆ ತಕ್ಷಣ ಕೆಮ್ಮುತ್ತೇವೆ. ಅನಸ್ತೇಶಿಯಾ ಕೊಟ್ಟಾಗ ಆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಇದನ್ನು 1946ರಲ್ಲಿ ಬರೆದು ತೋರಿಸಿದರು. 44,016 ಬಸಿರು-ಬಾಣಂತಿಯರ ದಾಖಲೆಗಳಲ್ಲಿ 66 ಜನರಿಗೆ ಹೀಗಾಗಿತ್ತು. ಗಟ್ಟಿ ಆಹಾರ ಉಸಿರುನಾಳಕ್ಕೆ ಸಿಕ್ಕಿಕೊಂಡು ಇಬ್ಬರು ತೀರಿಕೊಂಡಿದ್ದರು. ಮೊಲಗಳ ಮೇಲೆ ಪ್ರಯೋಗ ಮಾಡಿ, ಶ್ವಾಸಕೋಶವನ್ನು ಸುಡುವುದು ಹೊಟ್ಟೆಯ ಆಮ್ಲ ಅಂತಲೂ ಅವರು ಕಂಡುಕೊಂಡರು.

ಆ ಭಯ ನ್ಯಾಯವಾದದ್ದೇ. ಆದರೆ ಅದು ಬರಬರುತ್ತಾ ಅನ್ನಕ್ಕೂ ನೀರಿಗೂ ಒಂದೇ ನಿಯಮ ಆಗಿಬಿಟ್ಟಿತು. ಎಡವಟ್ಟಾಗಿದ್ದು ಅಲ್ಲೇ. ಪೂರಿ-ಸಾಗು ಹೊಟ್ಟೆಯಿಂದ ಮುಂದೆ ಹೋಗುವುದಕ್ಕೆ ಗಂಟೆಗಟ್ಟಲೆ ಬೇಕು, ಎಣ್ಣೆ ಜಾಸ್ತಿಯಿದ್ದಷ್ಟೂ ತಡ. ಬರೀ ನೀರು ಹಾಗಲ್ಲ. ಕುಡಿದ ನೀರಿನಲ್ಲಿ ಅರ್ಧದಷ್ಟು ಸುಮಾರು ಇಪ್ಪತ್ತು ನಿಮಿಷದೊಳಗೆ ಕರುಳಿಗೆ ಇಳಿದುಬಿಡುತ್ತದೆ. ಉಪವಾಸ ಇದ್ದರೂ ಹೊಟ್ಟೆ ತನ್ನ ಪಾಡಿಗೆ ರಸ ಸುರಿಸುತ್ತಲೇ ಇರುತ್ತದೆ, ನಾವು ಎಂಜಲು ನುಂಗುತ್ತಲೇ ಇರುತ್ತೇವೆ. 1986ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಆಪರೇಷನ್ನಿಗೆ ಎರಡು-ಮೂರು ಗಂಟೆ ಮುಂಚೆ 150 ಮಿಲಿ ನೀರು ಕೊಟ್ಟು ನೋಡಿದರು. ನೀರು ಕುಡಿದವರ ಹೊಟ್ಟೆಯಲ್ಲಿ, ಕುಡಿಯದೇ ಇದ್ದವರಿಗಿಂತ ಜಾಸ್ತಿ ದ್ರವವೇನೂ ಉಳಿದಿರಲಿಲ್ಲ.

ಈಗಿನ ನಿಯಮ ಇಷ್ಟು. ನೀರು, ತಿರುಳಿಲ್ಲದ ಹಣ್ಣಿನ ರಸ, ಹಾಲು ಹಾಕದ ಟೀ ಅಥವಾ ಕಾಫಿಗೆ ಎರಡು ಗಂಟೆ ಅಂತರ ಸಾಕು. ತಾಯಿಯ ಹಾಲಿಗೆ ನಾಲ್ಕು ಗಂಟೆ. ಹಗುರ ತಿಂಡಿಗೆ ಮತ್ತು ಹಸುವಿನ ಹಾಲಿಗೆ ಆರು, ಕರಿದದ್ದಕ್ಕೆ ಎಂಟು. ನಮ್ಮ ಫಿಲ್ಟರ್ ಕಾಫಿಯಲ್ಲಿ ಹಾಲೇ ಜಾಸ್ತಿ, ಅಲ್ವಾ? ಹಾಗಾಗಿ ಅದು ಹಾಲಿನ ಲೆಕ್ಕಕ್ಕೆ ಬರುತ್ತದೆ, ನೀರಿನ ಲೆಕ್ಕಕ್ಕಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಿಂದಲೇ ಎರಡು ಗಂಟೆಯ ಮಾತು ಹೇಳುತ್ತಿದೆ, 2023ರಲ್ಲೂ ಅದನ್ನೇ ಎತ್ತಿಹಿಡಿಯಿತು. ಭಾರತೀಯ ಸಂಘವೂ 2020ರ ತನ್ನ ಸೂಚನೆಗಳಲ್ಲಿ ಇದನ್ನು ಸೇರಿಸಿದೆ. ಯುರೋಪಿನವರು 2022ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಮಕ್ಕಳು ಒಂದು ಗಂಟೆ ಮುಂಚಿನವರೆಗೂ ನೀರು ಕುಡಿಯಲಿ ಅಂದರು. ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ ಶುರುವಾದ ಪದ್ಧತಿಯಲ್ಲಂತೂ ಓಟಿಗೆ (ಆಪರೇಷನ್ ಥಿಯೇಟರಿಗೆ) ಕರೆಯುವವರೆಗೂ ಆಗಾಗ ಗುಟುಕು ನೀರು ಕುಡಿಯಬಹುದು.

ಮತ್ತೆ ಯಾಕೆ "ಹನ್ನೆರಡರ ಮೇಲೆ ನೀರಿಲ್ಲ"? ಹೇಳುವುದಕ್ಕೆ ಸುಲಭ, ಅಷ್ಟೇ. ಓಟಿ ಪಟ್ಟಿ ಹಿಂದೆ ಮುಂದೆ ಆಗುತ್ತಿರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಸಮಯ ಹೇಳುವುದು ವಾರ್ಡಿನವರಿಗೆ ಹೆಚ್ಚಿನ ಕೆಲಸ. ಆ ಕೆಲಸ ಮಾಡಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಗಂತ ರೋಗಿಗಳು ತಾವೇ ನಿರ್ಧಾರ ಮಾಡಿ ಸುಮ್ನೆ ಕುಡಿದುಬಿಡಬಾರದು. ತುರ್ತು ಆಪರೇಷನ್ ಇದ್ದವರಿಗೆ, ಕರುಳು ಕಟ್ಟಿಕೊಂಡವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಲೆಕ್ಕವೇ ಬೇರೆ. "ನಾನು ಎಷ್ಟು ಗಂಟೆಯವರೆಗೆ ನೀರು ಕುಡಿಯಬಹುದು?" ಅಂತ ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ. ಸಂಕೋಚ ಬೇಡ.

ಇತ್ತೀಚೆಗೆ ಈ ಲೆಕ್ಕಕ್ಕೆ ಹೊಸ ತೊಡಕೊಂದು ಬಂದಿದೆ. ಸಕ್ಕರೆ ಕಾಯಿಲೆಗೂ ತೂಕ ಇಳಿಸಲಿಕ್ಕೂ ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಔಷಧಿಗಳು ಹೊಟ್ಟೆಯನ್ನು ನಿಧಾನ ಮಾಡುತ್ತವೆ. ಹಸಿವು ಕಡಿಮೆಯಾಗುವುದಕ್ಕೆ ಅದೂ ಒಂದು ಕಾರಣ. ಎಲ್ಲ ನಿಯಮ ಪಾಲಿಸಿ ಉಪವಾಸ ಇದ್ದವರ ಹೊಟ್ಟೆಯಲ್ಲೂ ಹಿಂದಿನ ದಿನದ ಊಟ ಸಿಕ್ಕ ವರದಿಗಳು ಬಂದವು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ನನ್ನು ಒಂದು ವಾರ ಮುಂಚೆಯೇ ನಿಲ್ಲಿಸಿ ಅಂತ ಅಮೆರಿಕದ ಸಂಘ 2023ರ ಜೂನ್‌ನಲ್ಲಿ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಹಲವು ಸಂಘಗಳು ಸೇರಿ ಇದನ್ನು ತಿದ್ದಿದವು. ಹೆಚ್ಚಿನವರು ನಿಲ್ಲಿಸಬೇಕಾಗಿಲ್ಲ. ವಾಕರಿಕೆ, ವಾಂತಿ ಇರುವವರು, ಡೋಸ್ ಇನ್ನೂ ಏರಿಸುತ್ತಿರುವವರು ಜಾಸ್ತಿ ಹುಷಾರಾಗಿರಬೇಕು. ಅಂಥವರು ಹಿಂದಿನ ದಿನವೆಲ್ಲ ಬರೀ ದ್ರವಾಹಾರದಲ್ಲಿರಬೇಕಾಗಬಹುದು. ತೂಕ ಇಳಿಸುವ ಇಂಜೆಕ್ಷನ್ ಅಂತ ಕೆಲವರು ಡಾಕ್ಟರಿಗೂ ಹೇಳುವುದಿಲ್ಲ. ಇದನ್ನು ಮಾತ್ರ ಮುಚ್ಚಿಡಲೇಬಾರದು.

ಅನುಮಾನ ಇದ್ದರೆ ಹೊಟ್ಟೆಯೊಳಗೆ ನೋಡಿಯೇಬಿಡಬಹುದು. ರೋಗಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಎದೆಗೂಡಿನ ಕೆಳಗೆ ಅಲ್ಟ್ರಾಸೌಂಡ್ ಇಟ್ಟರೆ ಹೊಟ್ಟೆಯ ಕೆಳತುದಿ ಕಾಣುತ್ತದೆ. ಆ ಮಗ್ಗುಲಲ್ಲಿ ಒಳಗಿದ್ದದ್ದೆಲ್ಲ ಅಲ್ಲಿಗೇ ಜಾರುತ್ತದೆ. ಹೊಟ್ಟೆ ಖಾಲಿಯಿದ್ದರೆ ಪುಟ್ಟ ದುಂಡನೆಯ ಉಂಗುರ ಕಾಣುತ್ತದೆ. ನೀರಿದ್ದರೆ ನಡುವೆ ಕಪ್ಪು. ಆಗಷ್ಟೇ ತಿಂದ ಅನ್ನ ಇದ್ದರೆ ಮಂಜು ಮಂಜು. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಹೊಟ್ಟೆ ತುಂಬಿದೆ ಅಂತ ಗೊತ್ತಾದರೆ ಆಪರೇಷನ್ ಮುಂದೂಡುತ್ತಾರೆ. ಮುಂದೂಡಲು ಆಗದಿದ್ದರೆ, ಅರಿವು ತಪ್ಪಿಸಿದ ಕೂಡಲೇ ಬೇಗ ಬೇಗ ಉಸಿರುನಾಳಕ್ಕೆ ಟ್ಯೂಬ್ ಹಾಕಿ, ಶ್ವಾಸಕೋಶಕ್ಕೆ ಏನೂ ಇಳಿಯದಂತೆ ಕಾಪಾಡುತ್ತಾರೆ.