ತುರ್ತು ಸ್ಪಂದನಾ ತಂಡಗಳು: ಕರೆ ಹೋಗುವ ಮುನ್ನ ಕಳೆದುಹೋಗುವ ಗಂಟೆಗಳು

ವಾರ್ಡಿನಲ್ಲಿರುವ ರೋಗಿಯ ಸ್ಥಿತಿ ಹದಗೆಡುತ್ತಿರುವಾಗ, ಹೃದಯ ನಿಲ್ಲುವ ಮೊದಲೇ ಧಾವಿಸಿ ಬಂದು ಚಿಕಿತ್ಸೆ ಆರಂಭಿಸುವ ತಂಡವೊಂದು ದೊಡ್ಡ ಆಸ್ಪತ್ರೆಗಳಲ್ಲಿ ಇರಬೇಕು ಎಂಬುದನ್ನು ಈಗ ಹೆಚ್ಚಿನವರು ಅಲ್ಲಗಳೆಯುವುದಿಲ್ಲ. ಆದರೆ ಇಂಥ ತಂಡಗಳಿಂದ ನಿಜಕ್ಕೂ ಎಷ್ಟು ಜೀವ ಉಳಿದಿದೆ, ಅವುಗಳನ್ನು ಸುಧಾರಿಸಬೇಕೆಂದರೆ ಮೊದಲು ಕೈಹಾಕಬೇಕಾದದ್ದು ಎಲ್ಲಿಗೆ ಎಂಬ ಪ್ರಶ್ನೆಗಳಿಗೆ ಮೂರು ದಶಕ ಕಳೆದರೂ ಒಮ್ಮತದ ಉತ್ತರ ಸಿಕ್ಕಿಲ್ಲ. ಒಂದು ಅಧ್ಯಯನ ಪ್ರಯೋಜನವಿದೆ ಎಂದರೆ ಮತ್ತೊಂದು ಸಂದೇಹ ವ್ಯಕ್ತಪಡಿಸುತ್ತದೆ. ಈ ಗೋಜಲಿನ ಎಳೆ ಹಿಡಿಯಬೇಕಾದರೆ ತಂಡದ ಕಥೆಗಿಂತಲೂ ತಂಡಕ್ಕೆ ಹೋಗುವ ಕರೆಯ ಕಥೆಯನ್ನು ನೋಡಬೇಕಾಗುತ್ತದೆ.

ಎದೆಯನ್ನು ಹೊರಗಿನಿಂದ ಒತ್ತಿಯೇ ರಕ್ತ ಪರಿಚಲನೆ ಕಾಯ್ದುಕೊಳ್ಳಬಹುದೆಂದು ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು 1960ರಲ್ಲಿ ಪ್ರಕಟಿಸಿದ ಮೇಲೆ, ಮುಂದಿನ ಮೂವತ್ತು ವರ್ಷ ಆಸ್ಪತ್ರೆಗಳ ಗಮನವೆಲ್ಲ ಹೃದಯ ನಿಂತ ಮೇಲೆ ಓಡಿ ಬರುವ ‘ಕೋಡ್ ಬ್ಲೂ’ ತಂಡಗಳ ಮೇಲೆಯೇ ಇತ್ತು. ತಂಡಗಳು ಚುರುಕಾದವು, ಉಪಕರಣಗಳು ಬಂದವು. ಹಾಗಿದ್ದರೂ ಹೃದಯಸ್ತಂಭನಕ್ಕೆ ಒಳಗಾದ ಒಳರೋಗಿಗಳಲ್ಲಿ ಬದುಕಿ ಮನೆಗೆ ಹೋಗುವವರು ತೀರ ಕಡಿಮೆಯೇ ಉಳಿದರು.

ದೃಷ್ಟಿ ಬದಲಾದದ್ದು 1990ರಲ್ಲಿ. ಅಮೆರಿಕದ ಮಯಾಮಿಯ ವೈದ್ಯರು ಆಸ್ಪತ್ರೆಯೊಳಗೇ ಹೃದಯಸ್ತಂಭನವಾದ 64 ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದರು. ಅವರಲ್ಲಿ ಶೇ. 84 ಮಂದಿಯ ಸ್ಥಿತಿ ಹದಗೆಡುತ್ತಿದ್ದುದು ಅದಕ್ಕೆ ಹಿಂದಿನ ಎಂಟು ಗಂಟೆಗಳಲ್ಲೇ ಕೇಸ್ ಶೀಟಿನಲ್ಲಿ ದಾಖಲಾಗಿತ್ತು. ಅನಿರೀಕ್ಷಿತವೆಂದು ಕರೆಯುತ್ತಿದ್ದ ಸಾವುಗಳು ಬಹುಪಾಲು ಮುನ್ಸೂಚನೆ ಕೊಟ್ಟೇ ಬಂದಿದ್ದವು. ಅದೇ ಸುಮಾರಿಗೆ ಆಸ್ಟ್ರೇಲಿಯಾದ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಕೆನ್ ಹಿಲ್‌ಮನ್ ಮತ್ತು ಸಹೋದ್ಯೋಗಿಗಳು, ಐಸಿಯು ಅನುಭವವುಳ್ಳ ವೈದ್ಯರು ಮತ್ತು ನರ್ಸ್‌ಗಳ ತಂಡವನ್ನು ಹೃದಯ ನಿಲ್ಲುವ ಮೊದಲೇ ವಾರ್ಡಿಗೆ ಕರೆಸುವ ಪದ್ಧತಿ ಆರಂಭಿಸಿದರು. ಯಾವಾಗ ಕರೆಯಬೇಕು ಎಂಬುದಕ್ಕೆ ಉಸಿರಾಟ, ನಾಡಿ, ರಕ್ತದೊತ್ತಡ, ಪ್ರಜ್ಞೆಯ ಮಟ್ಟ ಇವುಗಳಿಗೆ ಮಿತಿಗಳನ್ನು ಗೊತ್ತುಮಾಡಲಾಯಿತು. ಆ ಪಟ್ಟಿಯಲ್ಲಿ ಇನ್ನೂ ಒಂದು ಅಂಶವಿತ್ತು: ಅಂಕಿ ಅಂಶಗಳೆಲ್ಲ ಸರಿಯಿದ್ದರೂ ರೋಗಿಯನ್ನು ನೋಡಿ ಸಿಬ್ಬಂದಿಗೆ ಆತಂಕವಾದರೆ ಅದೊಂದೇ ಕಾರಣಕ್ಕೂ ಕರೆಯಬಹುದು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದಿಟ್ಟವಾದ ನಿಯಮ ಇದೇ ಎಂದು ಹೇಳಬೇಕು. ಅತ್ಯಂತ ಹಿಂಜರಿಕೆಯಿಂದ ಬಳಕೆಯಾಗುವುದೂ ಇದೇ.

ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಐಸಿಯು ನರ್ಸ್‌ಗಳೇ ಮುಂದಾಳತ್ವ ವಹಿಸುವ ತಂಡಗಳು ಬೆಳೆದವು. ಅಮೆರಿಕದಲ್ಲಿ 2004ರ ಕೊನೆಗೆ ಶುರುವಾದ, ಒಂದು ಲಕ್ಷ ಜೀವ ಉಳಿಸುವ ಗುರಿಯ ಅಭಿಯಾನ ಸೂಚಿಸಿದ ಆರು ಕ್ರಮಗಳಲ್ಲಿ ತುರ್ತು ಸ್ಪಂದನಾ ತಂಡವೂ ಒಂದಾಯಿತು. ಸಾವಿರಾರು ಆಸ್ಪತ್ರೆಗಳು ಅಭಿಯಾನಕ್ಕೆ ಕೈಜೋಡಿಸಿದವು. ಬಲವಾದ ಪುರಾವೆ ಕೈಗೆ ಬರುವ ಮೊದಲೇ ತಂಡ ಕಟ್ಟುವ ಉತ್ಸಾಹ ಹರಡಿಬಿಟ್ಟಿತ್ತು.

ಆ ಪುರಾವೆಗಾಗಿ ನಡೆದ ಅತಿ ದೊಡ್ಡ ಪ್ರಯತ್ನವೇ 2005ರಲ್ಲಿ ಪ್ರಕಟವಾದ ‘ಮೆರಿಟ್’ ಅಧ್ಯಯನ. ಆಸ್ಟ್ರೇಲಿಯಾದ 23 ಆಸ್ಪತ್ರೆಗಳ ಪೈಕಿ 12ರಲ್ಲಿ ತಂಡ ರಚಿಸಿ, 11ನ್ನು ಮೊದಲಿನಂತೆಯೇ ಬಿಟ್ಟು, ಆರು ತಿಂಗಳ ಫಲಿತಾಂಶವನ್ನು ಹೋಲಿಸಲಾಯಿತು. ತಂಡವಿದ್ದ ಕಡೆ ಕರೆಗಳೇನೋ ಹೆಚ್ಚಾದವು. ಆದರೆ ಹೃದಯಸ್ತಂಭನ, ಅನಿರೀಕ್ಷಿತ ಸಾವು, ಯೋಜನೆಯಿಲ್ಲದೆ ಐಸಿಯುಗೆ ಸಾಗಿಸಬೇಕಾದ ಪ್ರಸಂಗ, ಈ ಮೂರನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತಂಡಗಳಿಂದ ಪ್ರಯೋಜನವಿಲ್ಲ ಎಂದು ಹಲವರು ಷರಾ ಬರೆದರು. ಅದೇ ಅಧ್ಯಯನದ ಒಳಪುಟಗಳು ಬೇರೆಯದನ್ನೇ ಹೇಳುತ್ತಿದ್ದವು. ಕರೆಯ ಮಿತಿಗಳನ್ನು ಸ್ಪಷ್ಟವಾಗಿ ದಾಟಿ, ಕೊನೆಗೆ ಐಸಿಯು ಸೇರಿದ ರೋಗಿಗಳಲ್ಲಿ ಹೆಚ್ಚಿನವರ ಪಾಲಿಗೆ ತಂಡಕ್ಕೆ ಕರೆಯೇ ಹೋಗಿರಲಿಲ್ಲ. ಕರೆಯದ ತಂಡದ ಫಲವನ್ನು ಅಳೆದು ತಂಡವೇ ವ್ಯರ್ಥ ಎಂದು ತೀರ್ಮಾನಿಸುವುದು ಸರಿಯಾಗದು.

ಕರೆ ಏಕೆ ಹೋಗುವುದಿಲ್ಲ ಎಂಬುದಕ್ಕೆ ವಾರ್ಡಿನ ಹಾಸಿಗೆಯ ಪಕ್ಕದಲ್ಲೇ ಉತ್ತರವಿದೆ. ಸ್ಥಿತಿ ಕೆಡುವ ಸೂಚನೆ ಬಹಳ ಸಲ ಮೊದಲು ಕಾಣಿಸಿಕೊಳ್ಳುವುದು ಉಸಿರಾಟದ ವೇಗದಲ್ಲಿ. ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ಇವನ್ನು ಯಂತ್ರ ತಾನೇ ತೋರಿಸುತ್ತದೆ. ಉಸಿರನ್ನು ಮಾತ್ರ ರೋಗಿಯ ಎದೆಯ ಮೇಲೆ ಕಣ್ಣಿಟ್ಟು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದು ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗೆ ಆ ಒಂದು ನಿಮಿಷ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಚಾರ್ಟಿನ ಆ ಕಾಲಂನಲ್ಲಿ 18 ಅಥವಾ 20 ಎಂಬ ಅಂಕಿ ಪಾಳಿಯಿಂದ ಪಾಳಿಗೆ ಹಾಗೆಯೇ ಮುಂದುವರಿಯುತ್ತದೆ. ಸರಿಯಾಗಿ ಎಣಿಸಿ ಮಿತಿ ಮೀರಿದ್ದು ಕಂಡರೂ ಮುಂದಿನ ಹೆಜ್ಜೆ ಇನ್ನೂ ಕಠಿಣ: ಮೊದಲು ಕಿರಿಯ ವೈದ್ಯರಿಗೆ ತಿಳಿಸಬೇಕು, ಅವರು ಹಿರಿಯರನ್ನು ಕೇಳಬೇಕು, ನಡುರಾತ್ರಿ ಸುಮ್ಮನೆ ಕರೆದೆ ಎನ್ನಿಸಿಕೊಂಡರೆ ಎಂಬ ಅಳುಕು ಬೇರೆ. ಅಣೆಕಟ್ಟಿನ ಗೇಟು ತೆರೆಯಲು ನಾಲ್ಕು ಕಚೇರಿಗಳ ಸಹಿ ಬೇಕಾದರೆ ನೆರೆ ಕಾಯುವುದಿಲ್ಲ; ಇಲ್ಲಿ ಆಗುವುದೂ ಅದೇ. ಇದನ್ನು ಯಾವೊಬ್ಬ ವ್ಯಕ್ತಿಯ ನಿರ್ಲಕ್ಷ್ಯವೆಂದು ಬರೆದು ಮುಗಿಸಿದರೆ ಏನೂ ಬದಲಾಗದು.

2005ರಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ತಜ್ಞರು ಇಡೀ ವ್ಯವಸ್ಥೆಯನ್ನು, ಅಪಾಯ ಗುರುತಿಸಿ ಕರೆಯುವ ಭಾಗ ಮತ್ತು ಬಂದು ಸ್ಪಂದಿಸುವ ಭಾಗ ಎಂದು ಬೇರ್ಪಡಿಸಿ ನೋಡತೊಡಗಿದ್ದು ಈ ಕಾರಣಕ್ಕೆ. ಹಣ, ತರಬೇತಿ, ಉಪಕರಣಗಳು ಎರಡನೆಯ ಭಾಗಕ್ಕೆ ಸಲೀಸಾಗಿ ಹರಿಯುತ್ತವೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಮೆಲ್ಬರ್ನ್‌ನ ಆಸ್ಟಿನ್ ಆಸ್ಪತ್ರೆಯ ದೀರ್ಘಕಾಲದ ದಾಖಲೆಗಳು ಮೊದಲ ಭಾಗದ ಮಹತ್ವವನ್ನು ತೋರಿಸಿದವು: ಅಲ್ಲಿ ಕರೆಗಳು ಹೆಚ್ಚಿದಂತೆ ಹೃದಯಸ್ತಂಭನಗಳು ಇಳಿದವು, ಸುಮಾರು 17 ಹೆಚ್ಚುವರಿ ಕರೆಗಳಿಗೆ ಒಂದರಂತೆ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ವಯಸ್ಕರಲ್ಲಿ ಐಸಿಯು ಹೊರಗಿನ ಹೃದಯಸ್ತಂಭನಗಳು ಸುಮಾರು ಶೇ. 34ರಷ್ಟು ಇಳಿದರೂ ಆಸ್ಪತ್ರೆಯ ಒಟ್ಟು ಸಾವಿನ ಪ್ರಮಾಣ ಇಳಿದಿಲ್ಲವೆಂದು ಕಂಡುಕೊಂಡಿತು. ಇದಕ್ಕೆ ಒಂದು ಸಂಭಾವ್ಯ ವಿವರಣೆಯಿದೆ. ಕೊನೆಗಾಲದಲ್ಲಿರುವ ರೋಗಿಗೆ ಎದೆ ಒತ್ತುವ ಚಿಕಿತ್ಸೆ ಬೇಕೇ ಬೇಡವೇ ಎಂಬ ಮಾತುಕತೆಯನ್ನು ಕುಟುಂಬದೊಂದಿಗೆ ಮೊದಲ ಬಾರಿಗೆ ಆಡುವುದೂ ಎಷ್ಟೋ ಸಲ ಈ ತಂಡವೇ. ಅಂಥ ರೋಗಿಗೆ ಆ ಚಿಕಿತ್ಸೆ ಬೇಡವೆಂದು ತೀರ್ಮಾನವಾದರೆ ಸಾವು ತಪ್ಪುವುದಿಲ್ಲ, ಆದರೆ ಅದು ಹೃದಯಸ್ತಂಭನದ ಲೆಕ್ಕಕ್ಕೆ ಸೇರುವುದಿಲ್ಲ. ಅದೂ ಉಪಕಾರವೇ, ಬೇರೆ ಬಗೆಯದು.

ಕರೆಯುವ ಅಳುಕನ್ನು ತಗ್ಗಿಸಲು ಬಂದ ಸಾಧನಗಳಲ್ಲಿ ಮುಖ್ಯವಾದದ್ದು, ಉಸಿರಾಟ, ನಾಡಿ ಮುಂತಾದವು ಸಹಜ ಮಟ್ಟದಿಂದ ಎಷ್ಟು ದೂರ ಸರಿದಿವೆಯೋ ಅದಕ್ಕೆ ತಕ್ಕಂತೆ ಅಂಕ ಕೊಟ್ಟು ಕೂಡಿಸುವ ಅಂಕಪಟ್ಟಿ. 1997ರಲ್ಲಿ ಬ್ರಿಟನ್ನಿನಲ್ಲಿ ಮೊಳೆತ ಈ ಕಲ್ಪನೆ 2012ರಲ್ಲಿ ಅಲ್ಲಿನ ವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ರೂಪಿಸಿದ ‘ನ್ಯೂಸ್’ ಎಂಬ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕಪಟ್ಟಿಯಾಗಿ ನೆಲೆಯೂರಿತು. 2017ರಲ್ಲಿ ಪರಿಷ್ಕೃತಗೊಂಡು, ರೋಗಿಯ ಮನಸ್ಸಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಗೊಂದಲದ ಸ್ಥಿತಿಯನ್ನೂ ಒಳಗೊಂಡಿತು. ನಿಮಿಷಕ್ಕೆ 25 ಅಥವಾ ಹೆಚ್ಚು ಉಸಿರಾಟಕ್ಕೆ 3 ಅಂಕ. ಒಟ್ಟು 5 ಆದರೆ ತುರ್ತು ಪರಿಶೀಲನೆ, 7 ಮುಟ್ಟಿದರೆ ತೀವ್ರ ನಿಗಾ ಪರಿಣತಿಯುಳ್ಳವರು ಬರಬೇಕು. ‘ರೋಗಿ ಯಾಕೋ ಸರಿಯಿಲ್ಲ’ ಎಂದಾಗ ಸಿಗದ ಕಿವಿ ‘ಅಂಕ 8 ಆಗಿದೆ’ ಎಂದಾಗ ಸಿಗುತ್ತದೆ. ಆದರೆ ಎಣಿಸದ ಉಸಿರನ್ನು ತುಂಬಿದ ಪಟ್ಟಿ ಸುಳ್ಳು ಸಮಾಧಾನವನ್ನಷ್ಟೇ ಕೊಡುತ್ತದೆ.

ಇತ್ತೀಚಿನ ಹಂತದಲ್ಲಿ ಕರೆಯುವ ಅಧಿಕಾರ ರೋಗಿಯ ಮನೆಯವರಿಗೂ ಬಂದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ‘ರಯಾನ್ ನಿಯಮ’ ಜಾರಿಯಾಯಿತು. 2021ರಲ್ಲಿ ತೀರಿಕೊಂಡ 13 ವರ್ಷದ ಮಾರ್ಥಾ ಮಿಲ್ಸ್ ಹೆಸರಿನ ನಿಯಮವನ್ನು ಇಂಗ್ಲೆಂಡ್ 2024ರಿಂದ ಹಂತ ಹಂತವಾಗಿ ಅಳವಡಿಸಿಕೊಳ್ಳುತ್ತಿದೆ. ಎರಡರ ಹಿಂದೆಯೂ ಮಗುವಿನ ಸ್ಥಿತಿ ಕೆಡುತ್ತಿದೆ ಎಂದು ಹೆತ್ತವರು ಹೇಳುತ್ತಿದ್ದರೂ ಆ ಮಾತಿಗೆ ತಕ್ಕ ಗಮನ ಸಿಗದ ನೋವಿದೆ. ಮಗುವಿನ ಎಂದಿನ ಮುಖವನ್ನು ಬಲ್ಲವರು ಅವರೇ ಆಗಿರುವಾಗ ಅವರ ಆತಂಕಕ್ಕೆ ಪಟ್ಟಿಯಲ್ಲಿ ಸ್ಥಾನ ಸಿಗಲು ಇಷ್ಟು ವರ್ಷ ಹಿಡಿದದ್ದು ದುಃಖದ ಸಂಗತಿ.

ಕಂಪ್ಯೂಟರುಗಳೂ ಈಗ ಮುನ್ಸೂಚನೆ ಕೊಡುತ್ತಿವೆ. ಅಮೆರಿಕದ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಿಂದ 2020ರಲ್ಲಿ ಬಂದ ವರದಿ ಸಾವಿನ ಪ್ರಮಾಣ ಇಳಿದುದನ್ನು ದಾಖಲಿಸಿತು. ಅಲ್ಲಿ ಯಂತ್ರದ ಎಚ್ಚರಿಕೆ ನೇರವಾಗಿ ವಾರ್ಡಿನಲ್ಲಿ ಮೊಳಗುತ್ತಿರಲಿಲ್ಲ, ದೂರದಲ್ಲಿ ಕುಳಿತ ಅನುಭವಿ ನರ್ಸ್‌ಗಳು ಅದನ್ನು ಪರಿಶೀಲಿಸಿ, ಆಸ್ಪತ್ರೆಯ ತುರ್ತು ತಂಡಕ್ಕೆ ತಾವೇ ತಿಳಿಸುತ್ತಿದ್ದರು. ಹೆಚ್ಚಿನ ಆಸ್ಪತ್ರೆಗಳಿಗೆ ಅಷ್ಟು ದೊಡ್ಡ ಏರ್ಪಾಡು ಕೈಗೆಟುಕದು. ಮೊದಲ ಸಲ ಮಿತಿ ದಾಟಿದ ಹೊತ್ತಿಗೂ ಕರೆ ಹೋದ ಹೊತ್ತಿಗೂ ನಡುವಿನ ನಿಮಿಷಗಳನ್ನು ಪ್ರತಿ ಪ್ರಕರಣದಲ್ಲೂ ಬರೆದಿಡುವುದು, ಕರೆಯೇ ಹೋಗದ ಪ್ರಕರಣಗಳನ್ನು ತಿಂಗಳಿಗೊಮ್ಮೆ ದೂಷಣೆಯಿಲ್ಲದೆ ಪರಿಶೀಲಿಸುವುದು, ನರ್ಸ್ ಯಾರ ಅನುಮತಿಯೂ ಇಲ್ಲದೆ ನೇರವಾಗಿ ಕರೆಯಬಹುದೆಂದು ಲಿಖಿತವಾಗಿ ಹೇಳುವುದು ಮಾತ್ರ ಯಾವ ಆಸ್ಪತ್ರೆಗೂ ಸಾಧ್ಯ. ಹೊಸ ತಂಡಕ್ಕೆ ಖರ್ಚು ಮಾಡುವ ಮೊದಲು ಆಗಬೇಕಾದ ಕೆಲಸ ಇದು.