ಎದುರುಗಾಳಿಯಲ್ಲಿ ಗೆದ್ದ ಹತ್ತಿಬಟ್ಟೆ

1851ರ ಆಗಸ್ಟ್ 22ರಂದು ನ್ಯೂಯಾರ್ಕಿನ ಸ್ಕೂನರ್ (ಎರಡು ಕೂವೆಯ ಹಾಯಿಹಡಗು) ‘ಅಮೆರಿಕ’ ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತಿ ಬ್ರಿಟಿಷ್ ಯಾಟ್‌ಗಳನ್ನೆಲ್ಲ ಹಿಂದಿಕ್ಕಿತು. ಹಾಯಿದೋಣಿ ಪಂದ್ಯದ ಪ್ರಶಸ್ತಿ ಅಮೆರಿಕಾಸ್ ಕಪ್ ಹುಟ್ಟಿದ್ದು ಹಾಗೆ. ಆದರೆ ಆ ಪಂದ್ಯದಿಂದ ವಿಜ್ಞಾನ ಕಲಿಯುವುದು ಕಷ್ಟ. ದಾರಿಯ ಸೂಚನೆಗಳೇ ಗೊಂದಲದಲ್ಲಿದ್ದವು, ಬ್ರಿಟಿಷ್ ಯಾಟ್ ‘ಆ್ಯರೋ’ ನೆಲಕ್ಕೆ ತಗಲಿ ನಿಂತಿತು, ನೆರವಿಗೆ ಹೋದ ‘ಅಲಾರ್ಮ್’ ಕೂಡ ಪಂದ್ಯ ಕಳೆದುಕೊಂಡಿತು. ಆರು ದಿನ ಬಿಟ್ಟು ನಡೆದದ್ದೇ ನಿಜವಾದ ಪ್ರಯೋಗ.

ಅಲ್ಲಿದ್ದದ್ದು ಎರಡೇ ಸ್ಕೂನರ್: 170 ಟನ್ನಿನ ‘ಅಮೆರಿಕ’ ಮತ್ತು ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ನರ 100 ಟನ್ನಿನ ಕಬ್ಬಿಣದ ‘ಟೈಟಾನಿಯಾ’. ಗಾಳಿಯ ಜೊತೆ 20 ಮೈಲಿ ಹೋಗಿ, ಗಾಳಿಗೆದುರಾಗಿ 20 ಮೈಲಿ ಮರಳಬೇಕು. ಹೋಗುವಾಗ ಅಂತರ ಕೆಲವೇ ನಿಮಿಷ. ಮರಳಿ ಮುಟ್ಟುವಾಗ ಸುಮಾರು 52 ನಿಮಿಷ!

ಗೆಲುವನ್ನೆಲ್ಲ ‘ಅಮೆರಿಕ’ದ ವಿನ್ಯಾಸಕ ಜಾರ್ಜ್ ಸ್ಟೀರ್ಸ್ ರೂಪಿಸಿದ ಚೂಪು ಮೂತಿಗೆ ಒಪ್ಪಿಸುವುದು ರೂಢಿ. ಆದರೆ ‘ಟೈಟಾನಿಯಾ’ವನ್ನು ಕಟ್ಟಿದ ಜಾನ್ ಸ್ಕಾಟ್ ರಸೆಲ್ ಅಂಥ ಒಳಬಾಗಿದ ಮೂತಿಯನ್ನೇ ವರ್ಷಗಳಿಂದ ಪ್ರತಿಪಾದಿಸುತ್ತಿದ್ದವರು. ದೊಡ್ಡ ಒಡಲಿಗೆ ಅಲೆಗಳಲ್ಲಿ ಲಾಭವಿದೆ, ನಿಜ. ಅಷ್ಟರಿಂದಲೇ ಎದುರುಗಾಳಿಯಲ್ಲಿ ಇಷ್ಟು ಅಂತರ ಬೀಳದು. ಹಾಯಿಯನ್ನು ನೋಡಬೇಕು.

ಗಾಳಿ ಹಿಂದಿನಿಂದ ನೂಕಿದರಷ್ಟೇ ಹಡಗು ಚಲಿಸುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಎದುರುಗಾಳಿಗೆ ಓರೆಯಾಗಿ ಸಾಗುವಾಗ ಹಾಯಿ ವಿಮಾನದ ರೆಕ್ಕೆಯ ಕೆಲಸ ಮಾಡುತ್ತದೆ. ಗಾಳಿಯನ್ನು ಬಾಗಿಸಿ, ಬಹುಪಾಲು ಪಕ್ಕಕ್ಕೂ ಸ್ವಲ್ಪ ಮುಂದಕ್ಕೂ ಎಳೆತ ಹುಟ್ಟಿಸುತ್ತದೆ. ಪಕ್ಕದ ಎಳೆತವನ್ನು ನೀರಿನೊಳಗಿನ ಕೀಲ್ (ಹಡಗಿನ ತಳದ ಉದ್ದನೆಯ ಏಣು) ತಡೆಯುತ್ತದೆ. ಎರಡು ಬೆರಳ ನಡುವೆ ಒತ್ತಿದ ಒದ್ದೆ ಹುಣಸೆಬೀಜದಂತೆ ಹಡಗು ಮುಂದಕ್ಕೆ ಜಾರುತ್ತದೆ.

ಬ್ರಿಟಿಷರ ಹಾಯಿಗಳು ಅಗಸೆನಾರಿನವು. ಜಗ್ಗಿದರೆ ಹಿಗ್ಗಿ ಚೀಲದಂತಾಗುತ್ತಿದ್ದವು. ಉಬ್ಬು ಹಿಂದಕ್ಕೆ ಸರಿದರೆ ಎಳೆತ ಪಕ್ಕಕ್ಕೆ ತಿರುಗುತ್ತದೆ. ಹಡಗು ವಾಲುತ್ತದೆ, ಅಡ್ಡಕ್ಕೆ ಜಾರುತ್ತದೆ. ಗಾಳಿಗೆ ಹತ್ತಿರ ಹೋದರೆ ಹಾಯಿಯ ಮುಂಅಂಚು ಪಟಪಟನೆ ಬಡಿಯುತ್ತದೆ, ಆದ್ದರಿಂದ ಕೋನ ಹಿಗ್ಗಿಸಲೇಬೇಕು. ಗಾಳಿಯ ದಿಕ್ಕಿಗೆ 45 ಡಿಗ್ರಿಯಲ್ಲಿ ಅಂಕುಡೊಂಕಾಗಿ ಸಾಗಿದರೆ 20 ಮೈಲಿಗೆ 28 ಮೈಲಿ ಓಡಬೇಕು; 55 ಡಿಗ್ರಿಯಲ್ಲಿ 35. ಹತ್ತೇ ಡಿಗ್ರಿಗೆ ಏಳು ಮೈಲಿ ದಂಡ!

‘ಅಮೆರಿಕ’ದ್ದು ಯಂತ್ರದಲ್ಲಿ ಬಿಗಿಯಾಗಿ ನೇಯ್ದ ಹತ್ತಿಯ ಹಾಯಿ. ದೊಡ್ಡ ಹಾಯಿಯ ಕೆಳಅಂಚನ್ನು ಉದ್ದಕ್ಕೂ ಬೂಮಿಗೆ (ಹಾಯಿಯ ಕೆಳಗಿನ ಅಡ್ಡಮರಕ್ಕೆ) ಹಗ್ಗದಿಂದ ಹೆಣೆದು ಕಟ್ಟಿದ್ದರಿಂದ ಅದು ಹಲಗೆಯಷ್ಟು ಚಪ್ಪಟೆಯಾಗಿ ನಿಲ್ಲುತ್ತಿತ್ತು. ಬ್ರಿಟಿಷ್ ನಾವಿಕರು ಕೆಳಅಂಚನ್ನು ಸಡಿಲ ಬಿಟ್ಟು, ಬಟ್ಟೆಯ ರಂಧ್ರ ಮುಚ್ಚಲೆಂದು ಹಾಯಿಗೆ ನೀರೆರಚುತ್ತಿದ್ದರು. ಒದ್ದೆ ನಾರು ಊದಿ ಗಾಳಿ ಸೋರುವುದು ತಗ್ಗುತ್ತದೆ, ಉಬ್ಬು ಮಾತ್ರ ಹಾಗೇ ಉಳಿಯುತ್ತದೆ. ಸೋತ ಮೇಲೆ ಅವರೂ ಚಪ್ಪಟೆ ಹತ್ತಿಹಾಯಿಗೆ ಬದಲಾದರು.